ಗೋಡೆ ಹುಡುಕಿದ ಪಿಯಾನೊ

ಒಂದಾನೊಂದು ಊರಿನಲ್ಲಿ ಒಂದು ಪಿಯಾನೊ ಇತ್ತು. ಪಾಪ, ಅದಕ್ಕೆ ಒರಗಿಕೊಳ್ಳಲು ಒಂದು ಗೋಡೆಯಿರಲಿಲ್ಲ.

ಬೂಶಾ ಇದ್ದಿದ್ದರೆ ಈ ಕಥೆಯನ್ನು ಹೀಗೇ ಶುರುಮಾಡುತ್ತಿದ್ದಳು. ಟೊಲೀಡೊದ ಪೋಲಿಷ್ ಕೇರಿಯಲ್ಲಿ ಅಜ್ಜಿಗೆ ಬೂಶಾ ಎನ್ನುತ್ತಾರೆ. ಮಾರ್ಲಾಳ ಬೂಶಾ ಹೇಳುತ್ತಿದ್ದ ಕಥೆಗಳಲ್ಲಿ ರಾಜರಾಣಿಯರು ಅಪ್ಪಿತಪ್ಪಿಯೂ ಸುಳಿಯುತ್ತಿರಲಿಲ್ಲ. ಒಲೆ ಕಳೆದುಕೊಂಡ ಬಾಣಲೆ, ಜೋಡಿ ಹುಡುಕುತ್ತ ಹೊರಟ ಎಡಗಾಲಿನ ಬೂಟು, ಮದುವೆಗೆ ಬಂದೇ ಬರುತ್ತೇನೆಂದು ಹಟ ಹಿಡಿದ ಏಣಿ, ಇಂಥವರೇ ಅವಳ ನಾಯಕರು. ಆ ಏಣಿ ಊರೂರು ಅಲೆದು, ಬೈಸಿಕೊಂಡು, ಕೊನೆಗೆ ಮದುಮಗಳು ಕಿಟಕಿಯಿಂದ ಇಳಿದು ಓಡಿಹೋಗುವ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಿತ್ತು. ಮಾರ್ಲಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಹನ್ನೆರಡು ವರ್ಷದ ಹಿಂದೆ ಬೂಶಾಳ ಕಾಲು ಸೋತವು. ಮನೆ ಮಾರಿ ಅವಳನ್ನು ಬಿಸಿಲುನಾಡಿನಲ್ಲಿದ್ದ ಮಗಳ ಮನೆಗೆ ಕರೆದೊಯ್ದರು. ಅವಳ ಪಿಯಾನೊ ಅಷ್ಟು ದೂರ ಹೋಗುವಂತಿರಲಿಲ್ಲ. ಚರ್ಚಿನ ಸಭಾಂಗಣ ನೋಡಿಕೊಳ್ಳುತ್ತಿದ್ದ ಸ್ಟಾಶ್, "ನನ್ನ ಹತ್ರ ಬಿಟ್ಟು ಹೋಗಿ, ಅದೇನು ಊಟ ಕೇಳಲ್ಲವಲ್ಲ" ಎಂದ. ಲಾರಿಗೆ ಅದನ್ನು ಏರಿಸುವಾಗ ಮಾರ್ಲಾ, ಆಗ ಅವಳಿಗೆ ಇಪ್ಪತ್ತೇಳು, ಅಜ್ಜಿಯ ಕೈ ಹಿಡಿದು ಮಾತು ಕೊಟ್ಟಳು: "ನಂದೇ ಮನೆ, ನಂದೇ ಗೋಡೆ ಅಂತ ಆದ ದಿನ ತಂದು ನಿಲ್ಲಿಸ್ತೀನಿ, ಬೂಶಾ."

ಮಾತು ಕೊಟ್ಟವಳು ಬಾಸ್ಟನ್ನಿಗೆ ಹಿಂತಿರುಗಿದಳು. ಅಲ್ಲಿ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಹನ್ನೆರಡು ವರ್ಷದಲ್ಲಿ ಏಳು ಕೋಣೆ ಬದಲಾದವು. ಒಂದರಲ್ಲಿ ಮಂಚ ಮಡಚದೆ ಬಾಗಿಲು ತೆರೆಯುತ್ತಿರಲಿಲ್ಲ. ಇನ್ನೊಂದರಲ್ಲಿ ಗೋಡೆಗೆ ಮೊಳೆ ಹೊಡೆಯಬಾರದೆಂದು ಬಾಡಿಗೆ ಪತ್ರದಲ್ಲೇ ಬರೆದಿತ್ತು. ಭಾನುವಾರ ಭಾನುವಾರ ಫೋನಿನಲ್ಲಿ ಬೂಶಾ ಕೇಳುತ್ತಿದ್ದಳು, "ಗೋಡೆ ಸಿಕ್ತೇನೇ?" ಇನ್ನೂ ಇಲ್ಲ ಎಂದು ಮಾರ್ಲಾ ನಗುತ್ತಿದ್ದಳು. ಮೂರು ವರ್ಷದ ಹಿಂದೆ ಕೇಳುವವಳು ಹೊರಟುಹೋದಳು. ಅಂದಿನಿಂದ ಭಾನುವಾರಗಳಲ್ಲಿ ಮಾರ್ಲಾಗೆ ನಗಲು ಆಗುತ್ತಿರಲಿಲ್ಲ.

ಈ ಜನವರಿಯಲ್ಲಿ ಅವಳು ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಹಿಡಿದು ಟೊಲೀಡೊಗೆ ಬಂದಳು. ಬಾಸ್ಟನ್ನಿನಲ್ಲಿ ಒಂದು ಕಾರು ನಿಲ್ಲಿಸುವಷ್ಟು ನೆಲಕ್ಕೆ ಕೇಳುವ ಬೆಲೆಗೆ ಇಲ್ಲಿ ಮೂರು ಕೋಣೆ, ಅಟ್ಟ, ನೆಲಮಾಳಿಗೆ, ಅಗಲವಾದ ಜಗಲಿ, ಹಿತ್ತಲಲ್ಲೊಂದು ಮುದಿ ಚೆರ್ರಿ ಮರ ಸಿಕ್ಕಿತು. ಕೆಲಸಕ್ಕೆ ನಡೆದುಕೊಂಡು ಹೋದರೆ ಹನ್ನೆರಡು ನಿಮಿಷ. ಮೊದಲ ವಾರ ಅವಳು ಅಭ್ಯಾಸಬಲದಿಂದ ಒಂದು ಗಂಟೆ ಮೊದಲೇ ಹೊರಟು, ಪ್ರಯೋಗಾಲಯದ ಬೀಗ ತೆಗೆಯುವವನಿಗಾಗಿ ಚಳಿಯಲ್ಲಿ ಕಾದಳು. ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಚಿತ್ರಶಾಲೆಗೆ ಹೋದರೆ ಬಾಗಿಲಲ್ಲಿ ಯಾರೂ ದುಡ್ಡು ಕೇಳಲಿಲ್ಲ. ಅವಳೇ ಎರಡು ಸಲ ಹಿಂದಿರುಗಿ, "ನಿಜವಾಗ್ಲೂ ಏನೂ ಕೊಡಬೇಕಾಗಿಲ್ವಾ?" ಎಂದು ವಿಚಾರಿಸಿ ಬಂದಳು.

ಮಾರ್ಚ್ ಕೊನೆಯ ವಾರ ಸ್ಟಾಶ್ ಫೋನು ಮಾಡಿದ. ಸಭಾಂಗಣ ಮಾರಾಟವಾಗಿತ್ತು. ಸೋಮವಾರ ಕೆಡವುವವರು ಬರುತ್ತಾರೆ. ಅಷ್ಟರೊಳಗೆ ಒಯ್ಯದಿದ್ದರೆ ಪಿಯಾನೊ ಕುರ್ಚಿ ಮೇಜುಗಳ ಜೊತೆಗೆ ಕಸದ ಲಾರಿ ಹತ್ತುತ್ತದೆ.

ಹೀಗಾಗಿ ಆ ಶನಿವಾರ ಬೆಳಿಗ್ಗೆ ಹನ್ನೊಂದೂವರೆಗೆ ಪಿಯಾನೊ ಮಾರ್ಲಾ ಗೋರ್ಸ್ಕಿಯ ಮನೆಯ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅರ್ಧ ಒಳಗೆ, ಅರ್ಧ ಹೊರಗೆ.

"ಇದು ಹೋಗಲ್ಲ, ಮೇಡಂ" ಎಂದ ಲಾರಿಯ ಜೊತೆ ಬಂದಿದ್ದ ಇಬ್ಬರಲ್ಲಿ ಒಬ್ಬ, ಬೆವರು ಒರೆಸಿಕೊಳ್ಳುತ್ತ.

"ಅಳತೆ ತಗೊಂಡಿದ್ದೀನಿ. ಬಾಗಿಲು ಮೂವತ್ತೆರಡು ಇಂಚು, ಪಿಯಾನೊ ಇಪ್ಪತ್ತಾರು!"

"ಬಾಗಿಲೇನೋ ದಾಟುತ್ತೆ. ಆಮೇಲೆ? ನಿಮ್ಮ ಒಳಬಾಗಿಲು ಬಲಗಡೆಗಿದೆ. ಐದಡಿ ಉದ್ದ ಇದು, ಬಗ್ಗಿ ತಿರುಗೋಕೆ ಪಿಯಾನೊಗೆ ಸೊಂಟ ಇದೆಯಾ?"

ಹಳೆಯ ಮನೆಗಳಲ್ಲಿ ಚಳಿ ನುಗ್ಗದಿರಲೆಂದು ಎರಡು ಬಾಗಿಲು ಇಡುತ್ತಾರೆ, ನಡುವೆ ಪೆಟ್ಟಿಗೆಯಂಥ ಸಂದು. ಮಾರ್ಲಾ ಎರಡು ಬಾಗಿಲನ್ನೂ ಅಳೆದಿದ್ದಳು, ಎರಡೆರಡು ಸಲ. ಸಂದನ್ನು ಅಳೆದಿರಲಿಲ್ಲ. ಲಾರಿಯವರು ಪಿಯಾನೊವನ್ನು ಹಿಂದಕ್ಕೆಳೆದು ಜಗಲಿಯ ಮೇಲೆ ಬಿಟ್ಟರು. ಬಾಗಿಲವರೆಗೆ ತರುವುದು ಅವರ ಒಪ್ಪಂದ, ಹನ್ನೆರಡಕ್ಕೆ ಬೇರೆ ಮನೆ. ತಪ್ಪು ಅವರದಲ್ಲ. ಹೋಗುವಾಗ ಒಬ್ಬ ಆಕಾಶ ನೋಡಿ, "ರೇಡಿಯೋದಲ್ಲಿ ನಾಲ್ಕು ಗಂಟೆಗೆ ಹಿಮದ ಮಳೆ ಅಂದ್ರು, ಮೇಡಂ. ಏನಾದ್ರೂ ಹೊದಿಸಿ" ಎಂದು ಹೇಳಿ ಕೈ ಬೀಸಿದ.

ಪಕ್ಕದ ಮನೆಯ ಜಗಲಿಯಲ್ಲಿ ಆರ್ಲಿಸ್ ಟಕ್ಕರ್ ಕಾಫಿ ಕುಡಿಯುತ್ತ ಕುಳಿತಿದ್ದ. ಎಪ್ಪತ್ತನಾಲ್ಕು ವರ್ಷದ ಕರಿಯ ಮುದುಕ, ಮೂವತ್ತೊಂದು ವರ್ಷ ಗಾಜಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಮುಂಜಾನೆಯಿಂದ ಎಲ್ಲವನ್ನೂ ನೋಡುತ್ತಿದ್ದ.

"ನಾನು ಬೆಳಿಗ್ಗೇನೇ ಹೇಳೋಣ ಅಂತಿದ್ದೆ" ಎಂದ.

"ಮತ್ತೆ ಹೇಳಬಾರದಿತ್ತಾ, ಮಿಸ್ಟರ್ ಟಕ್ಕರ್!"

"ಟೇಪು ಹಿಡ್ಕೊಂಡು ಅಷ್ಟು ಶ್ರದ್ಧೆಯಿಂದ ಅಳೀತಿದ್ದೆ ಮಗಳೇ, ಅಡ್ಡ ಬರೋಕೆ ಮನಸ್ಸಾಗ್ಲಿಲ್ಲ."

ಒಳಗಿನಿಂದ ಅವನ ಹೆಂಡತಿ ವರ್ನಿಟಾ ಬಂದಳು, ಕೈಯಲ್ಲಿ ಹಿಟ್ಟು. "ಸಹಾಯಕ್ಕೆ ಬರ್ತೀವಿ ಅಂದಿದ್ರಲ್ಲ, ಎಲ್ಲಿ ಅವರೆಲ್ಲ?"

ಅದೇ ಮಾರ್ಲಾಳಿಗೂ ಅರ್ಥವಾಗದ ಮಾತು. ಸ್ಟಾಶ್, ಎದುರುಮನೆಯ ಬಸ್ ಚಾಲಕ ಗೇಬ್ ಸಾಬೊ, ಮೂಲೆಮನೆಯ ಅಣ್ಣತಮ್ಮಂದಿರು ಎಲ್ಲರೂ ಪಿಯಾನೊ ತರುವ ದಿನ ಬರುತ್ತೇವೆಂದು ಫೆಬ್ರವರಿಯಲ್ಲೇ ಹೂಂಗುಟ್ಟಿದ್ದರು. ಹೂಂಗುಟ್ಟಿದ್ದಷ್ಟೇ ಅಲ್ಲ, ಗೇಬ್ ತೋಳು ಮಡಚಿ ತೋರಿಸಿದ್ದ. ಈಗ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ವರ್ನಿಟಾ ಅವಳ ಮುಖವನ್ನೇ ನೋಡಿದಳು. "ಚಿನ್ನ, ಇವತ್ತು ಯಾವತ್ತು?"

"ಶನಿವಾರ. ಮಾರ್ಚ್ ಕೊನೇ ಶನಿವಾರ."

"ಮಾರ್ಚ್ ಕೊನೇ ಶನಿವಾರ. ಮೂರು ದಿನದಿಂದ ಬೆಚ್ಚಗಿದೆ. ನದಿ ನೀರು ಇಳಿದಿದೆ." ವರ್ನಿಟಾ ಒಂದೊಂದಾಗಿ ಬೆರಳು ಮಡಚಿದಳು. "ಏನು ನೆನಪಾಗುತ್ತೆ?"

ಮಾರ್ಲಾ ಹಣೆ ಚಚ್ಚಿಕೊಂಡಳು. ವಾಲೈ ಮೀನು! ಪ್ರತಿ ವರ್ಷ ಹಿಮ ಕರಗಿದ ಮೇಲೆ ಸರೋವರದ ವಾಲೈ ಮೀನುಗಳು ಮೊಟ್ಟೆಯಿಡಲು ಮೌಮಿ ನದಿಗೆ ಏರಿ ಬರುತ್ತವೆ. ಏರಿ ಬಂದ ವಾರ ಊರಿಗೆ ಊರೇ ಗಾಳ ಹಿಡಿದು ನದಿಗಿಳಿಯುತ್ತದೆ, ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಮಾಡು ಹೊದೆಸುವುದಿಲ್ಲ, ಹಲ್ಲು ಕೀಳಿಸಿಕೊಳ್ಳುವುದಿಲ್ಲ. ಅವಳ ಅಪ್ಪ ಅವಳು ಹುಟ್ಟಿದ ದಿನವೂ ಸೊಂಟಮಟ್ಟ ನೀರಿನಲ್ಲಿ ನಿಂತಿದ್ದನಂತೆ. ಇದೆಲ್ಲ ಮರೆತುಹೋಗುವಷ್ಟು ಅವಳು ಊರಿಂದ ದೂರವಿದ್ದಳು.

"ಬೂಶಾ ಮೊಮ್ಮಗಳು ಅಂತೆ" ಎಂದು ಟಕ್ಕರ್ ತಲೆಯಲ್ಲಾಡಿಸಿದ. "ಇವತ್ತು ಈ ಊರಲ್ಲಿ ಗಂಡಸು ಬೇಕು ಅಂದ್ರೆ ನೀರೊಳಗೆ ಕೈ ಹಾಕಿ ಹುಡುಕ್ಬೇಕು."

"ನೀವು ಯಾಕೆ ಹೋಗಿಲ್ಲ ಮತ್ತೆ?"

"ಮಂಡಿ. ಒಂದು ಮಂಡಿ ನಂದು, ಇನ್ನೊಂದು ಡಾಕ್ಟರದ್ದು. ಇಬ್ಬರಿಗೂ ತಣ್ಣೀರು ಆಗಲ್ಲ."

ಮಾರ್ಲಾ ಪಿಯಾನೊದ ಮೇಲೆ ತನ್ನ ಹಾಸಿಗೆಯ ರಜಾಯಿ ಹೊದಿಸಿದಳು. ಜಗಲಿಗೆ ಸೂರಿತ್ತು ನಿಜ, ಆದರೆ ಸರೋವರದ ಮಳೆ ಮೇಲಿಂದ ಬೀಳುವುದಿಲ್ಲ, ಅಡ್ಡಡ್ಡ ಬರುತ್ತದೆ. ಪಿಯಾನೊದ್ದು ನೂರು ವರ್ಷದ ಮರ. ಹನ್ನೆರಡು ಚಳಿಗಾಲವೂ ಸ್ಟಾಶ್ ಅದರ ಹೊಟ್ಟೆಯೊಳಗೆ ಒಂದು ಬಟ್ಟಲು ನೀರಿಟ್ಟು, ಮರ ಒಣಗಿ ಸೀಳದಂತೆ ಕಾಪಾಡಿದ್ದ. ಒಂದೇ ಮಧ್ಯಾಹ್ನದ ಮಳೆ ಸಾಕು, ಅಂಟೆಲ್ಲ ಬಿಟ್ಟುಕೊಂಡು ಕೀಲಿಗಳು ಊದಿಕೊಳ್ಳಲು. ಮಾತು ಕೊಟ್ಟವಳ ಜಗಲಿಯಲ್ಲೇ, ಗೋಡೆಗೆ ಒಂದು ಮಾರು ದೂರದಲ್ಲಿ.

ಟಕ್ಕರ್ ಕೋಲೂರಿಕೊಂಡು ಬಂದ. ಪಿಯಾನೊದ ಕಡೆ ನೋಡಲೇ ಇಲ್ಲ. ಜಗಲಿಗೆ ತೆರೆದುಕೊಂಡ ದೊಡ್ಡ ಕಿಟಕಿಯ ಮುಂದೆ ನಿಂತ. ಐದಡಿ ಅಗಲ, ಐದಡಿ ಎತ್ತರ, ಒಂದೇ ಗಾಜು. ಅದರ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ, ಮಗುವಿನ ಎದೆ ತಟ್ಟಿ ನೋಡುವ ವೈದ್ಯನ ಹಾಗೆ. ಕೆಳಗಿನ ಮೂಲೆಯಲ್ಲಿ ಸಾಸಿವೆಯಷ್ಟು ಒಂದು ಗುಳ್ಳೆ ಇತ್ತು. ಅದನ್ನು ಸವರಿದ.

"ಇದು ನಮ್ಮೂರದ್ದೇ. ನಮ್ಮಪ್ಪನ ಕಾಲದ್ದು. ಆಗ ಕಾದ ಗಾಜನ್ನ ಉರುಳೆ ಮೇಲೆ ಎಳೀತಿದ್ರು, ನೋಡು, ಇಲ್ಲಿಂದ ನೋಡಿದ್ರೆ ಬೀದಿ ಸ್ವಲ್ಪ ಅಲೆ ಅಲೆಯಾಗಿ ಕಾಣುತ್ತೆ." ಅವನು ತಿರುಗಿದ. "ಗಾಜು ತೆಗಿಯೋಣ. ಪಿಯಾನೊ ಕಿಟಕೀಲಿ ಹೋಗುತ್ತೆ."

"ಒಡೆದ್ರೆ?"

"ಒಡೆದ್ರೆ ಒಡೀತು. ನಾನು ಮೂವತ್ತೊಂದು ವರ್ಷದಲ್ಲಿ ನಾಲ್ಕು ಒಡೆದಿದ್ದೀನಿ. ಒಂದು ನನ್ನ ತಪ್ಪಿಂದ." ಆ ಒಂದು ಈಗಲೂ ಅವನ ಮನಸ್ಸಿನಲ್ಲಿ ಚುಚ್ಚುತ್ತಿರಬೇಕು, ಗುಳ್ಳೆಯನ್ನು ಮತ್ತೊಮ್ಮೆ ಸವರಿದ. "ಅಂಚಿನ ಪಟ್ಟಿ ಬಿಡಿಸೋಕೆ ನಂಗೆ ಎರಡು ಗಂಟೆ ಬೇಕು. ನೀವಿಬ್ರೂ ಹೋಗಿ ಗಂಡಸರನ್ನ ಹಿಡ್ಕೊಂಡು ಬನ್ನಿ. ಮೂರು ಜನ ಸಾಕು. ಮೂರಕ್ಕೆ ಕಮ್ಮಿ ಆದ್ರೆ ಆಗಲ್ಲ."

ವರ್ನಿಟಾ ಕಾರು ಓಡಿಸಿದಳು. ನದಿಯ ದಂಡೆಯಲ್ಲಿ ಕಾರುಗಳ ಸಾಲು ಮೈಲಿ ಉದ್ದ. ಕೆಳಗೆ, ಕಂದು ನೀರಿನಲ್ಲಿ, ಎದೆಮಟ್ಟದ ರಬ್ಬರ್ ಉಡುಪು ತೊಟ್ಟ ನೂರಾರು ಜನ ಸಾಲಾಗಿ ನಿಂತಿದ್ದರು. ಪ್ರತಿಯೊಬ್ಬರ ಗಾಳದ ಕೋಲೂ ಒಂದೇ ತಾಳದಲ್ಲಿ ಏಳುತ್ತಿತ್ತು, ಬೀಳುತ್ತಿತ್ತು. ಒಬ್ಬರ ದಾರ ಇನ್ನೊಬ್ಬರ ದಾರಕ್ಕೆ ಸಿಕ್ಕುಬೀಳದಿರಲೆಂದು ಕಲಿತುಕೊಂಡ ತಾಳ ಅದು. ವಕೀಲರು, ಗಾರೆಯವರು, ಪಾದ್ರಿಗಳು, ಕೆಲಸವಿಲ್ಲದವರು, ನೀರೊಳಗೆ ಯಾರು ಯಾರೆಂದು ಹೇಳುವಂತಿರಲಿಲ್ಲ. ಎಲ್ಲರಿಗೂ ಒಂದೇ ಕೆಸರು, ಒಂದೇ ಚಳಿ, ಕಾನೂನಿನ ಪ್ರಕಾರ ದಿನಕ್ಕೆ ಆರೇ ಮೀನು.

"ಸ್ಟಾಶ್!" ಎಂದು ಮಾರ್ಲಾ ಕೂಗಿದಳು. ಗಾಳಿ ಅವಳ ದನಿಯನ್ನು ಹಾರಿಸಿಕೊಂಡು ಹೋಯಿತು.

ವರ್ನಿಟಾ ಅವಳನ್ನು ಪಕ್ಕಕ್ಕೆ ಸರಿಸಿದಳು. ನಲವತ್ತು ವರ್ಷ ಚರ್ಚಿನಲ್ಲಿ ಹಾಡಿದ ಕಂಠ ಅದು. "ಸ್ಟಾಶ್! ನೀರಿಂದ ಎದ್ದು ಬಾ! ಈ ಹುಡುಗಿಗೆ ಮಾತು ಕೊಟ್ಟು ಮೀನಿಗೆ ಮುತ್ತು ಕೊಡ್ತಾ ನಿಂತಿದ್ದೀಯಾ?"

ಸಾಲಿಗೆ ಸಾಲೇ ತಿರುಗಿ ನೋಡಿತು. ನಗು ನೀರಿನ ಮೇಲೆ ಹರಿದುಹೋಯಿತು. ನಡುವಿನಿಂದ ಕೆಂಪು ಟೊಪ್ಪಿಗೆಯ ಒಬ್ಬ ಗಟ್ಟಿಮುಟ್ಟು ಮುದುಕ ಕೈಯೆತ್ತಿದ.

"ಬೆಳಿಗ್ಗೆ ಏಳಕ್ಕೇ ಲಾರಿಯವರಿಗೆ ಬೀಗ ತೆಗೆದುಕೊಟ್ಟೆನಲ್ಲಮ್ಮ! ಅವರೇ ಒಳಗಿಡ್ತಾರೆ ಅಂದ್ಕೊಂಡೆ!"

"ಅವರು ಜಗಲಿ ಮೇಲೆ ಬಿಟ್ಟು ಹೋದ್ರು! ಹೊರಗೆ!" ಎಂದಳು ವರ್ನಿಟಾ.

"ಹೊರಗೆ?" ಸ್ಟಾಶ್ ಆಕಾಶ ನೋಡಿದ. ಬಡಗಣ ದಿಕ್ಕಿನಲ್ಲಿ ಸರೋವರದ ಮೇಲೆ ಸೀಸದ ಬಣ್ಣದ ಮೋಡ ಮೆಲ್ಲಗೆ ಕಟ್ಟುತ್ತಿತ್ತು. ಪೋಲಿಷ್‌ನಲ್ಲಿ ಏನೋ ಗೊಣಗಿದ, ಬೂಶಾ ಕೇಳಿದ್ದರೆ ಸಾಬೂನಿನಿಂದ ಬಾಯಿ ತೊಳೆಸುತ್ತಿದ್ದಂಥದ್ದು. "ನಂಗೆ ಐದಾಗಿದೆ. ಇನ್ನೊಂದೇ ಒಂದು ಮೀನು ಬಾಕಿ."

"ಮೀನು ಬರೋ ವರ್ಷ ಬರುತ್ತೆ" ಎಂದಳು ಮಾರ್ಲಾ. "ಪಿಯಾನೊ ಬರಲ್ಲ, ಸ್ಟಾಶ್."

ಅವನು ಒಂದು ಗಳಿಗೆ ಅವಳನ್ನೇ ನೋಡಿದ. ಆ ಪಿಯಾನೊದ ಮುಂದೆ ಅವನು ತನ್ನ ಮದುವೆಯಲ್ಲಿ ಕುಣಿದಿದ್ದ, ತಮ್ಮನ ತಿಥಿಯಲ್ಲಿ ಅತ್ತಿದ್ದ. ದಾರ ಸುತ್ತತೊಡಗಿದ. ಪಕ್ಕದವನ ಭುಜಕ್ಕೆ ಗುದ್ದಿ, "ಗೇಬ್, ನಡಿ. ತೋಳು ತೋರಿಸಿದ್ಯಂತಲ್ಲ, ಈಗ ಸಾಲ ತೀರಿಸು" ಎಂದ.

"ಮೀನು ಈಗ ತಾನೆ ಕಚ್ತಾ ಇದೆ, ಮಾರಾಯ!"

"ನಡಿಯೋ! ಸೋಮವಾರ ನಿನ್ನ ಬಸ್ಸಿಗೆ ಹತ್ತಿ ಊರಿಗೆಲ್ಲ ಹೇಳ್ತೀನಿ."

ಇನ್ನೊಬ್ಬ ಬೇಕಿತ್ತು. ಮೂಲೆಮನೆಯ ಅಣ್ಣತಮ್ಮಂದಿರು ಎಲ್ಲೂ ಕಾಣಲಿಲ್ಲ. ವರ್ನಿಟಾ ದಂಡೆಯ ಮೇಲಿಂದ ಹರಾಜು ಕೂಗುವಂತೆ ಕೂಗಿದಳು, "ಒಬ್ಬ ಗಟ್ಟಿ ಆಳು ಬೇಕು! ಮೀನು ನಾನು ಹುರಿದು ಕೊಡ್ತೀನಿ, ಮೇಲೆ ಬೆಣ್ಣೆ ಕೇಕು, ಒಲೆಯಿಂದ ಆಗ ತಾನೆ ತೆಗೆದಿದ್ದು!" ದೂರದಿಂದ ಆರಡಿ ಮೀರಿದ, ಜೇನುಬಣ್ಣದ ಗಡ್ಡದವನೊಬ್ಬ ನೀರು ಸೀಳಿಕೊಂಡು ಬಂದ. "ನಂಗೆ ನೀವ್ಯಾರೂ ಗೊತ್ತಿಲ್ಲ" ಎಂದ. "ಮಿಷಿಗನ್ನಿಂದ ಬಂದಿದ್ದೀನಿ. ಹೆಸರು ಡೆಲ್. ಕೇಕು ಅಂದ್ರಲ್ಲ, ಅದಕ್ಕೆ." 

ಎರಡೂವರೆಗೆ ಅವರು ಬೀದಿ ತಲಪಿದಾಗ ಟಕ್ಕರ್ ಕಿಟಕಿಯ ಅಂಚಿನ ಮರದ ಪಟ್ಟಿಗಳನ್ನೆಲ್ಲ ಬಿಡಿಸಿ, ಒಂದರ ಪಕ್ಕ ಒಂದು, ಗುರುತು ಹಾಕಿ ಇಟ್ಟಿದ್ದ. ಆರು ಪದರ ಬಣ್ಣವನ್ನು ಚೂರಿಯಿಂದ ಸೀಳಿ ಬಿಡಿಸಿದ್ದ, ಒಂದು ಪಟ್ಟಿಯೂ ಸೀಳಿರಲಿಲ್ಲ. ಗಾಜು ಈಗ ಎರಡು ಸಣ್ಣ ಮೊಳೆಗಳ ಆಧಾರದಲ್ಲಿ ನಿಂತಿತ್ತು. ಅವನ ಕೈಯಲ್ಲಿ ಚರ್ಮದ ಹಳೆಯ ಕೈಗವಸು, ಅಂಗೈಯಲ್ಲಿ ಸವೆದು ಕಪ್ಪಾದದ್ದು. ಕೋಲು ಎಲ್ಲೋ ಮೂಲೆಗೆ ಹೋಗಿತ್ತು. ಮಾರ್ಲಾ ಇಷ್ಟು ದಿನ ನೋಡಿದ್ದ ಕುಂಟು ಮುದುಕ ಇವನಲ್ಲ.

"ನಾಲ್ಕು ಮೂಲೆ, ನಾಲ್ಕು ಜನ" ಎಂದ. "ನಾನು ಹಿಡಿಯಲ್ಲ, ಹೇಳ್ತೀನಿ. ನಾಲ್ಕನೇ ಮೂಲೆ ನಿಂದು, ಮಾರ್ಲಾ."

"ನಂದಾ? ನಾನು ಗಾಜಿನ ಲೋಟನೂ ಬೀಳಿಸ್ತೀನಿ, ಮಿಸ್ಟರ್ ಟಕ್ಕರ್."

"ದಿನವಿಡೀ ಆಸ್ಪತ್ರೇಲಿ ಅಂಗಾಂಶನ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕುಯ್ದು ಗಾಜಿನ ಮೇಲೆ ಹಾಸ್ತೀನಿ ಅಂದ್ಯಲ್ಲ, ಆ ಕೈನೇ ತಾನೆ? ಸಾಕು." ಅವನು ಎಲ್ಲರನ್ನೂ ನೋಡಿದ. "ಎರಡೇ ಮಾತು. ಒಂದು, ಗಾಜು ಕೈಲಿರೋವಾಗ ಒಬ್ಬನೇ ಮಾತಾಡೋದು, ಅದು ನಾನು. ಸ್ಟಾಶ್, ಕೇಳಿಸ್ತಾ? ಎರಡು, ಜಾರಿತು ಅಂದ್ರೆ ಹಿಡಿಯೋಕೆ ಹೋಗಬೇಡಿ. ಕೈ ಬಿಟ್ಟು ಹಿಂದಕ್ಕೆ ಹಾರಿ. ಗಾಜು ಇನ್ನೊಂದು ಮಾಡಬಹುದು. ಕೈ ಮಾಡೋ ಯಂತ್ರ ನಮ್ಮ ಕಾರ್ಖಾನೇಲಿ ಇರ್ಲಿಲ್ಲ."

ಮೊಳೆ ಕಿತ್ತ. ಗಾಜು ಒಂದು ಸಣ್ಣ ಉಸಿರಿನಂಥ ಸದ್ದಿನೊಡನೆ ಚೌಕಟ್ಟು ಬಿಟ್ಟಿತು. ನೂರು ವರ್ಷದಿಂದ ಮನೆಯ ಭಾಗವಾಗಿದ್ದುದು ಈಗ ಅವರ ನಾಲ್ವರ ಅಂಗೈಗಳಲ್ಲಿ ನಿಂತಿತ್ತು, ಮಾರ್ಲಾ ಎಣಿಸಿದ್ದಕ್ಕಿಂತ ಭಾರವಾಗಿ, ಜೀವವಿರುವಂತೆ ಸಣ್ಣಗೆ ನಡುಗುತ್ತ.

"ನಿಂತೇ ಇರಲಿ, ಮಲಗಿಸಬೇಡಿ. ಎಡಗಾಲು. ಬಲಗಾಲು. ಎಡ."

ಅಂಗಳ ದಾಟಿ ಟಕ್ಕರ್‌ನ ಜಗಲಿಗೆ ಒಯ್ಯಬೇಕಿತ್ತು, ಅಲ್ಲಿ ಕಂಬಳಿ ಹಾಸಿದ್ದ. ಹದಿನೆಂಟು ಹೆಜ್ಜೆ. ಗಾಜಿನಲ್ಲಿ ಎದುರುಸಾಲಿನ ಮನೆಗಳು, ಬೋಳು ಮೇಪಲ್ ಮರಗಳು, ಮನೆಗೆ ಮರಳುತ್ತಿದ್ದ ಬಾತುಗಳ ಗೆರೆ ಎಲ್ಲವೂ ಅವರ ಜೊತೆ ನಡೆಯುತ್ತಿದ್ದವು, ಸ್ವಲ್ಪ ಅಲೆಯಾಡುತ್ತ. ಬೀದಿಯನ್ನೇ ಹೊತ್ತು ಸಾಗಿಸುತ್ತಿದ್ದೇವೇನೋ ಅನಿಸಿತು ಅವಳಿಗೆ.

ಮೆಟ್ಟಿಲಲ್ಲಿ ಗೇಬ್‌ನ ಒದ್ದೆ ರಬ್ಬರ್ ಬೂಟು ಜಾರಿತು.

ಗಾಜು ಒಂದು ಕಡೆ ವಾಲಿತು. ಹೇಳಿದ್ದೆಲ್ಲ ಮರೆತು ಮಾರ್ಲಾಳ ಮೈ ತಾನಾಗಿಯೇ ಒಳಕ್ಕೆ ಬಾಗಿತು, ಎದೆಯೊಡ್ಡಿ ತಡೆಯಲು.

"ನಿಲ್ಲಿ."

ಕೂಗಲಿಲ್ಲ ಅವನು. ಮಲಗಿದ ಮಗು ಏಳದ ಹಾಗೆ ಹೇಳಿದ. ನಾಲ್ವರೂ ನಿಂತರು. ಗೇಬ್ ಒಂದು ಕಾಲಲ್ಲಿ ಕೊಕ್ಕರೆಯಂತೆ ನಿಂತಿದ್ದ, ಹಣೆಯ ನರ ಉಬ್ಬಿತ್ತು.

"ಮಗಳೇ, ಮೈ ಹಿಂದಕ್ಕೆ ತಗೋ. ಹಾಂ. ಗೇಬ್, ಕಾಲಿಗೆ ನೆಲ ಹುಡುಕ್ಕೋ. ಅವಸರ ಇಲ್ಲ. ನಮಗೆ ಬೇಕಾದಷ್ಟು ಹೊತ್ತಿದೆ."

ಮೋಡ ಆಗಲೇ ನೀರಿನ ತೊಟ್ಟಿಯ ಗೋಪುರವನ್ನು ನುಂಗಿತ್ತು. ಬೇಕಾದಷ್ಟು ಹೊತ್ತು ಇರಲೇ ಇಲ್ಲ. ಆದರೂ ಆ ಮಾತು ಕಿವಿಗೆ ಬಿದ್ದದ್ದೇ ಮಾರ್ಲಾಳ ಭುಜ ಇಳಿಯಿತು, ಬೆರಳು ಸಡಿಲವಾಗದೆ ಹಗುರಾದವು. ಬಾಸ್ಟನ್ನಿನ ಇಷ್ಟು ವರ್ಷಗಳಲ್ಲಿ ಯಾರಾದರೂ ಅವಳಿಗೆ ಈ ಮಾತು ಹೇಳಿದ್ದು ಅವಳಿಗೆ ನೆನಪಿರಲಿಲ್ಲ. ಗೇಬ್‌ನ ಬೂಟು ಮೆಟ್ಟಿಲು ಹುಡುಕಿತು. ಎಡಗಾಲು. ಬಲಗಾಲು. ಗಾಜು ಕಂಬಳಿಯ ಮೇಲೆ ಕುಳಿತಿತು.

"ಈಗ ಮಾತಾಡ್ಬಹುದಾ?" ಎಂದ ಸ್ಟಾಶ್.

"ಆಡು."

"ಏನು ಹೇಳ್ಬೇಕು ಅಂತಿದ್ದೆ ಅನ್ನೋದೇ ಮರೆತುಹೋಯ್ತು."

ಆಮೇಲಿನದೆಲ್ಲ ಗದ್ದಲ. ಹಲಗೆ ಓರೆಯಾಗಿಟ್ಟು, ಹಗ್ಗ ಕಟ್ಟಿ, ಡೆಲ್ ಹಿಂದಿನಿಂದ ಹೆಗಲು ಕೊಟ್ಟ. ಸ್ಟಾಶ್ ಮತ್ತು ಗೇಬ್ ಒಳಗಿನಿಂದ ಎಳೆದರು. ವರ್ನಿಟಾ ಎಲ್ಲರಿಗೂ ಒಟ್ಟಿಗೆ ಆಜ್ಞೆ ಕೊಟ್ಟಳು. ಕಿಟಕಿಯ ಅಂಚಿನ ಮೇಲೆ ಪಿಯಾನೊ ಒಂದು ಕ್ಷಣ ತಕ್ಕಡಿಯಂತೆ ತೂಗಿತು. ಅದರೊಳಗಿನ ತಂತಿಗಳೆಲ್ಲ ಒಟ್ಟಿಗೆ ಮಿಡಿದು, ಜೇನುಗೂಡು ಕದಡಿದಂತೆ ಝೇಂಕರಿಸಿದವು.

"ಬೈತಾ ಇದೆ" ಎಂದ ಡೆಲ್.

"ಪೋಲಿಷ್‌ನಲ್ಲಿ" ಎಂದ ಸ್ಟಾಶ್. "ನಿಂಗೆ ಅರ್ಥ ಆಗದೇ ಇರೋದೇ ಒಳ್ಳೇದು. ಎಳೀ!"

ಅದು ಒಳಗಿಳಿದು ಕೋಣೆಯ ನಡುವೆ ನಿಂತಾಗ ಮೂರು ಮುಕ್ಕಾಲು. ಯಾರೂ ಕೂರಲಿಲ್ಲ. ಬರಿಯ ಚೌಕಟ್ಟಿನಿಂದ ಗಾಳಿ ನುಗ್ಗಿ ರಜಾಯಿಯ ಅಂಚನ್ನು ಹಾರಿಸುತ್ತಿತ್ತು. ಮತ್ತೆ ಹದಿನೆಂಟು ಹೆಜ್ಜೆ, ಈಗ ಹಿಂದಕ್ಕೆ. ಅಂಗಳದ ನಡುವೆ ಮೊದಲ ಹನಿಗಳು ಬಿದ್ದವು. ಅರ್ಧ ನೀರು, ಅರ್ಧ ಹಿಮ, ಗಾಜಿಗೆ ತಗುಲಿ ಟಿಕ್ ಟಿಕ್ ಎಂದವು. ಯಾರೂ ಮುಖ ಒರೆಸಿಕೊಳ್ಳುವಂತಿರಲಿಲ್ಲ. ಮಾರ್ಲಾಳ ರೆಪ್ಪೆಗಳಿಂದ ನೀರು ಇಳಿಯಿತು. ಅದರಲ್ಲಿ ಎಷ್ಟು ಮಳೆಯೋ ಅವಳಿಗೂ ತಿಳಿಯಲಿಲ್ಲ. ಟಕ್ಕರ್ ಪಕ್ಕದಲ್ಲಿ ಹಿಂದುಹಿಂದಕ್ಕೆ ನಡೆಯುತ್ತ, ಎಡ, ಬಲ, ಎಡ, ಎನ್ನುತ್ತಿದ್ದ, ಮೊದಲಿನಷ್ಟೇ ನಿಧಾನವಾಗಿ. ಗಾಜು ತನ್ನ ಜಾಗಕ್ಕೆ ಸೇರಿತು. ಅವನು ಪಟ್ಟಿಗಳನ್ನು ಒಂದೊಂದಾಗಿ ಕೂರಿಸಿ ಮೊಳೆ ಹೊಡೆದ. ಕೈಗವಸು ಬಿಚ್ಚಿ, ಸಂದಿಗೆ ಗಾಜು ಕೂರಿಸುವ ಪುಟ್ಟಿ ಒತ್ತಿ, ಹೆಬ್ಬೆರಳಿನಿಂದ ಒಂದೇ ಎಳೆತಕ್ಕೆ ಈ ತುದಿಯಿಂದ ಆ ತುದಿಗೆ ಸವರಿದ. ಮಳೆ ಅಡ್ಡಡ್ಡ ಬಂದು ಹೊರಗಿನಿಂದ ಗಾಜನ್ನು ಬಡಿಯತೊಡಗಿತು. ಒಳಗೆ ಒಂದು ತೊಟ್ಟೂ ಬರಲಿಲ್ಲ.

"ಎಲ್ಲಿ ನಿಲ್ಲಿಸೋದು?" ಎಂದ ಸ್ಟಾಶ್.

ಮಾರ್ಲಾ ತೋರಿಸಿದಳು. ಕೋಣೆಯ ಒಳಗೋಡೆ. ಜನವರಿಯಲ್ಲೇ ಅಲ್ಲಿದ್ದ ಹಳೆಯ ಕಾಗದ ಕಿತ್ತು ತಿಳಿಹಸಿರು ಬಣ್ಣ ಬಳಿದು, ಅಷ್ಟೂ ಜಾಗ ಖಾಲಿ ಬಿಟ್ಟಿದ್ದಳು. ಒಂದು ಚಿತ್ರವನ್ನೂ ತೂಗುಹಾಕಿರಲಿಲ್ಲ. ಅವಳು ರಜಾಯಿ ಎಳೆದಳು. ಎಲ್ಲರೂ ಒಂದೊಂದು ಕಡೆ ಕೈಯಿಟ್ಟರು, ಟಕ್ಕರ್ ಕೂಡ, ಪುಟ್ಟಿ ಅಂಟಿದ ಕೈಯಲ್ಲೇ. ಗಾಲಿಗಳು ಕಿರುಗುಟ್ಟಿದವು. ನೆಲದ ಹಲಗೆಗಳು ಭಾರ ಅರಿತು ಒಂದೊಂದಾಗಿ ನರಳಿದವು.

"ಇನ್ನೊಂದು ಮೊಳ" ಎಂದಳು ವರ್ನಿಟಾ. "ಇನ್ನೊಂದು ಗೇಣು. ಮೆಲ್ಲಗೆ, ಗೋಡೆಗೆ ಗುದ್ದಬೇಡ್ರೋ!"

"ಪೂರ್ತಿ ಆನಿಸ್ಬೇಡಿ" ಎಂದ ಸ್ಟಾಶ್. "ನಾಲ್ಕು ಬೆರಳು ಬಿಡಿ. ಅದೂ ಉಸಿರಾಡ್ಬೇಕು."

ಮಾರ್ಲಾ ಪಿಯಾನೊದ ಬೆನ್ನಿಗೂ ಗೋಡೆಗೂ ನಡುವೆ ಕೈ ತೂರಿಸಿದಳು. ಒಂದು ಕಡೆ ತಣ್ಣಗಿನ ಗೋಡೆ, ಇನ್ನೊಂದು ಕಡೆ ಮರ. ನಾಲ್ಕು ಬೆರಳು, ಸರಿಯಾಗಿ. ಕೈ ಹಿಂದಕ್ಕೆ ತೆಗೆಯಲು ಅವಳಿಗೆ ತುಸು ಹೊತ್ತು ಹಿಡಿಯಿತು.

"ಸಾಕು" ಎಂದಳು. "ಇಲ್ಲೇ."

ಯಾರೋ ಉಸ್ಸೆಂದರು. ವರ್ನಿಟಾ ಮೀನು ಹುರಿಯಲು ಎಲ್ಲರನ್ನೂ ಮುಂದೆ ಮಾಡಿಕೊಂಡು ಹೊರಟಳು. ಕೇಕು ಎಷ್ಟು ದೊಡ್ಡದೆಂದು ಡೆಲ್ ವಿಚಾರಿಸುತ್ತಿದ್ದ. ಟಕ್ಕರ್ ತನ್ನ ಕೋಲು ಹುಡುಕುತ್ತಿದ್ದ. ಬಾಗಿಲು ಮುಚ್ಚಿಕೊಂಡ ಮೇಲೆ ಮಾರ್ಲಾ ಒಬ್ಬಳೇ ನಿಂತಳು. ಪಿಯಾನೊದ ಕಪ್ಪು ಮರದ ಮೇಲೆ ಒದ್ದೆ ಅಂಗೈಗಳ ಅಚ್ಚುಗಳಿದ್ದವು. ಆರು ಜನ ತಳ್ಳಿದ ಗುರುತು. ಒಂದು ಅಗಲ, ಒಂದು ಸಣ್ಣದು, ಒಂದರಲ್ಲಿ 
ಪುಟ್ಟಿಯ ಬಿಳಿ ಗೆರೆ. ಒರೆಸಲು ಅವಳು ತೋಳು ಎತ್ತಿದಳು, ಮತ್ತೆ ಇಳಿಸಿದಳು. ಅಂಚಿನಿಂದ ಒಳಗೊಳಕ್ಕೆ, ಬೆರಳುಗಳು ಮೊದಲು, ಒಂದೊಂದಾಗಿ ಅವು ಆರತೊಡಗಿದವು.